ವಾಚ್‌ಡಾಗ್ ಟೈಮರ್ ಇದ್ದರೂ ಐ2ಸಿ ಬಸ್ ಸಿಕ್ಕಿಹಾಕಿಕೊಳ್ಳುವುದೇಕೆ?

ಐ2ಸಿ ಎಂದರೆ ಮೈಕ್ರೋಕಂಟ್ರೋಲರೂ ಇತರ ಚಿಪ್‌ಗಳೂ ಎರಡು ತಂತಿಗಳಲ್ಲಿ (ಒಂದು ದತ್ತಾಂಶಕ್ಕೆ, ಒಂದು ಕ್ಲಾಕ್‌ಗೆ) ಮಾತಾಡುವ ದಾರಿ. ಪ್ರೋಗ್ರಾಂ ಸ್ತಬ್ಧವಾದಾಗ ಎಬ್ಬಿಸುವ ವಾಚ್‌ಡಾಗ್ ರೀಸೆಟ್ ಮಾಡುವುದು ಮೈಕ್ರೋಕಂಟ್ರೋಲರನ್ನು ಮಾತ್ರ. ತಂತಿಯ ಆ ತುದಿಯ ಚಿಪ್ಪಿಗೆ ಸುದ್ದಿಯೇ ಮುಟ್ಟುವುದಿಲ್ಲ. ತಾಪಮಾನದ ಸೆನ್ಸರೊಂದು ಬೈಟ್ ಕಳಿಸುತ್ತಿದೆ ಎನ್ನಿ. ನಾಲ್ಕನೆಯ ಬಿಟ್ ಸೊನ್ನೆ, ಹಾಗಾಗಿ ದತ್ತಾಂಶದ ತಂತಿ ಎಸ್‌ಡಿಎಯನ್ನು ಕೆಳಕ್ಕೆ, ಅಂದರೆ ಸೊನ್ನೆ ವೋಲ್ಟಿನತ್ತ, ಎಳೆದು ಹಿಡಿದಿದೆ. ಆ ಗಳಿಗೆಯಲ್ಲೇ ಕಂಟ್ರೋಲರ್ ರೀಸೆಟ್ ಆದರೆ, ಸೆನ್ಸರ್ ಮುಂದಿನ ಕ್ಲಾಕ್‌ಗೆ ಕಾಯುತ್ತಾ ತಂತಿಯನ್ನು ಬಿಡುವುದೇ ಇಲ್ಲ. ಎದ್ದು ಬಂದ ಕಂಟ್ರೋಲರ್ ಬಸ್ ಖಾಲಿಯಿಲ್ಲವೆಂದು ಕೈಕಟ್ಟಿ ಕೂರುತ್ತದೆ. ವಾಚ್‌ಡಾಗ್ ಎಷ್ಟು ಸಲ ಬೊಗಳಿದರೂ ಅಷ್ಟೇ.

ಆದ್ದರಿಂದ ರೀಸೆಟ್ ಆದೊಡನೆ ಎಸ್‌ಡಿಎ ನೋಡಿ. ಕೆಳಗೇ ಇದ್ದರೆ ಕ್ಲಾಕ್ ತಂತಿಯ ಎಸ್‌ಸಿಎಲ್ ಪಿನ್ನನ್ನು ಪ್ರೋಗ್ರಾಂನಿಂದಲೇ ಆಡಿಸಿ 9 ಕ್ಲಾಕ್ ಕೊಡಿ. ಅಷ್ಟರಲ್ಲಿ ಸೆನ್ಸರ್ ತಂತಿ ಬಿಡುತ್ತದೆ, ಕೂಡಲೇ ಮಾತು ಮುಗಿಯಿತೆನ್ನುವ ಸ್ಟಾಪ್ ಸಂಕೇತ ಕಳಿಸಿ.

ಚಿಪ್ ಕ್ಲಾಕ್ ತಂತಿಯನ್ನೇ ಹಿಡಿದು ಕೂತರೆ ಈ ಉಪಾಯ ನಡೆಯದು. ಐ2ಸಿಯನ್ನೇ ಹೋಲುವ ಎಸ್‌ಎಂಬಸ್‌ನ ಚಿಪ್‌ಗಳಲ್ಲಿ ಅದಕ್ಕೆಂದೇ ಒಳಗೊಂದು ಟೈಮರ್ ಇದೆ: ಕ್ಲಾಕ್ 25 ಮಿಲಿಸೆಕೆಂಡು ಮೀರಿ ಕೆಳಗಿದ್ದರೆ ಚಿಪ್ ಸಂಪರ್ಕ ಕೈಬಿಡಬಹುದು, 35ರೊಳಗೆ ಬಿಡಲೇಬೇಕು. ಐ2ಸಿಯಲ್ಲಿ ಇಂಥ ಗಡುವಿಲ್ಲ. ಅಲ್ಲಿ ನಾನು ಸೆನ್ಸರಿನ ವಿದ್ಯುತ್ತನ್ನೇ ಟ್ರಾನ್ಸಿಸ್ಟರ್ ಮೂಲಕ ಕೊಟ್ಟು, ಬೇಕಾದಾಗ ಕಡಿಯುತ್ತೇನೆ. ಎರಡೂ ತಂತಿಗಳನ್ನು ಮೇಲಕ್ಕೆಳೆದಿಡುವ ಪುಲ್‌ಅಪ್ ರೆಸಿಸ್ಟರುಗಳೂ ಅದೇ ಸ್ವಿಚ್ಚಿನ ಹಿಂದಿರಲಿ. ಇಲ್ಲದಿದ್ದರೆ ಅವುಗಳ ಮೂಲಕವೇ ಚಿಪ್ ಅರೆಜೀವ ಹಿಡಿದುಕೊಂಡಿರುತ್ತದೆ.