ಖಾಲಿ ಟ್ಯಾಂಕಿಗೆ ಬೆಂಕಿ ತೋರಿಸಬೇಡಿ

ಮಳೆಗಾಲ ಕಳೆಯುತ್ತಿದ್ದಂತೆ ಹಳೆಯ ಕಾರುಗಳ ಪೆಟ್ರೋಲ್ ಟ್ಯಾಂಕ್ ಸೋರುವ ಬಗ್ಗೆ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ‘ನೀರು ತುಂಬಿಸಿ ವೆಲ್ಡಿಂಗ್ ಮಾಡಿಸಬಹುದೇ’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಬೇಡ ಎಂದು ಎಷ್ಟು ಸಲ ಬರೆದರೂ ಮುಂದಿನ ವರ್ಷ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಬಾರಿಯ ಬಹುಪಾಲು ಜಾಗ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1997ರ ಮಾರುತಿ 800 ಈಗಲೂ ಮನೆಯಲ್ಲಿದೆ. ಕೆಲವು ದಿನಗಳಿಂದ ಬೆಳಿಗ್ಗೆ ಪೋರ್ಟಿಕೊದಲ್ಲಿ ಪೆಟ್ರೋಲ್ ವಾಸನೆ, ಕಾರಿನ ಹಿಂಭಾಗದ ಕೆಳಗೆ ಒದ್ದೆ ಗುರುತು. ಒಬ್ಬ ಮೆಕ್ಯಾನಿಕ್ ಎಂ-ಸೀಲ್ ಹಚ್ಚಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ನೀರು ತುಂಬಿಸಿ ಗ್ಯಾಸ್ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾರ ಮಾತು ಕೇಳಲಿ? (ಹಾಸನದ ಓದುಗರು)

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಮೊದಲು ಕಾರನ್ನು ಪೋರ್ಟಿಕೊದಿಂದ ಹೊರಗೆ ತನ್ನಿ. ಸ್ಟಾರ್ಟ್ ಮಾಡಬೇಡಿ, ನ್ಯೂಟ್ರಲ್‌ನಲ್ಲಿಟ್ಟು ನಾಲ್ಕು ಜನ ತಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರಿಹೋಗುವುದಿಲ್ಲ, ನೆಲದುದ್ದಕ್ಕೂ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಕಡೆಯ ಮನೆಗಳಲ್ಲಿ ಪೋರ್ಟಿಕೊ ಪಕ್ಕದಲ್ಲೇ ಬಚ್ಚಲ ಒಲೆ ಇರುತ್ತದೆ, ಇಲ್ಲವೇ ಗ್ಯಾಸ್ ಗೀಸರ್ ಇರುತ್ತದೆ. ಬೆಂಕಿ ಆವಿಯ ಬಳಿಗೆ ಹೋಗಬೇಕಾಗಿಲ್ಲ, ಆವಿಯೇ ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ವಾಸನೆ ದಟ್ಟವಾಗಿದ್ದರೆ ಪೋರ್ಟಿಕೊದ ಲೈಟ್ ಸ್ವಿಚ್ಚನ್ನೂ ಮುಟ್ಟಬೇಡಿ. ಬ್ಯಾಟರಿಯ ತಂತಿಯನ್ನು ಕಾರು ಬಯಲಿಗೆ ಬಂದು ಗಾಳಿಯಾಡಿದ ಮೇಲೆ ಬಿಚ್ಚಿ, ಏಕೆಂದರೆ ಬಿಚ್ಚುವಾಗಲೂ ಕಿಡಿ ಹಾರಬಹುದು.

ಇನ್ನು ವೆಲ್ಡಿಂಗ್ ವಿಚಾರ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಿದ್ದಾಗ ಮಾತ್ರ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇರುವ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಇದಕ್ಕಿಂತ ದಟ್ಟವಾಗಿರುತ್ತದೆ, ಸಿಡಿಯುವಷ್ಟು ಗಾಳಿ ಅಲ್ಲಿರುವುದಿಲ್ಲ. ಖಾಲಿ ಮಾಡಿದಾಗ ಒಳಗೆ ಗಾಳಿ ನುಗ್ಗಿ, ಮಿಶ್ರಣ ಸರಿಯಾಗಿ ಈ ಅಪಾಯದ ಮಟ್ಟಕ್ಕೆ ಬರುತ್ತದೆ. ಮೂವತ್ತು ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಒಂದೇ ಒಂದು ಟೀ ಚಮಚ ಪೆಟ್ರೋಲ್ ಉಳಿದು ಆವಿಯಾದರೆ ಇಡೀ ಟ್ಯಾಂಕ್ ಸಿಡಿಯಲು ಅಷ್ಟು ಸಾಕು. ಹಳೆಯ ಟ್ಯಾಂಕಿನ ಒಳಗೋಡೆಯ ತುಕ್ಕು, ಅಂಚಿನ ಜೋಡಣೆ, ನಡುವಿನ ಅಡ್ಡತಗಡು ಇವು ಒಂದು ಚಮಚವಲ್ಲ, ಅದಕ್ಕಿಂತ ಹೆಚ್ಚನ್ನೇ ಹೀರಿಕೊಂಡು ಕೂತಿರುತ್ತವೆ. ಮೂಗಿಗೆ ವಾಸನೆ ಬಾರದಿದ್ದರೂ ಶಾಖ ತಗುಲಿದೊಡನೆ ಅದು ಹೊರಬರುತ್ತದೆ.

‘ನೀರು ತುಂಬಿಸಿರುತ್ತೇವಲ್ಲ ಸಾರ್’ ಎನ್ನುತ್ತಾರೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ನೀರು ತುಂಬಿಸಿದಂತೆಲ್ಲ ಉಳಿದ ಪೆಟ್ರೋಲ್ ಪೊರೆಯಾಗಿ ಮೇಲಕ್ಕೆ ಬರುತ್ತದೆ. ಒದ್ದೆ ತಗಡಿಗೆ ಬೆಸುಗೆ ಕೂರುವುದಿಲ್ಲವಾದ್ದರಿಂದ ವೆಲ್ಡರ್ ಟ್ಯಾಂಕನ್ನು ಮಗುಚಿ, ತೂತು ಇರುವ ಭಾಗವನ್ನು ನೀರಿನ ಮಟ್ಟಕ್ಕಿಂತ ಮೇಲೆ ಬರುವಂತೆ ಇಡುತ್ತಾನೆ. ಅಂದರೆ ಎಲ್ಲಿ ಬೆಂಕಿ ಹಿಡಿಯುತ್ತಾನೋ ಅದರ ಕೆಳಗೇ ಗಾಳಿ, ಆವಿ, ತೇಲುವ ಪೆಟ್ರೋಲ್ ಮೂರೂ ಸೇರಿರುತ್ತವೆ. ಅವನ ಮುಖ ಅಲ್ಲಿಂದ ಒಂದು ಮೊಳ ದೂರದಲ್ಲಿರುತ್ತದೆ. ನೂರು ಟ್ಯಾಂಕ್ ಮಾಡಿದ್ದೇನೆ, ಏನೂ ಆಗಿಲ್ಲ ಎಂದು ಹೇಳುವ ಮೇಸ್ತ್ರಿಗಳಿದ್ದಾರೆ. ಅವರನ್ನು ಇಷ್ಟು ದಿನ ಕಾಪಾಡಿದ್ದು ಅದೃಷ್ಟವೇ ಹೊರತು ನೀರಲ್ಲ. ಹಬೆಯಿಂದ ದೀರ್ಘ ಕಾಲ ತೊಳೆದು, ಜಡ ಅನಿಲ ತುಂಬಿಸಿ, ಆವಿ ಅಳೆಯುವ ಮೀಟರ್‌ನಿಂದ ಪರೀಕ್ಷಿಸಿದ ಮೇಲೆ ಬೆಸುಗೆ ಹಾಕುವ ಕ್ರಮವೊಂದಿದೆ. ಆ ಮೀಟರ್ ಇಲ್ಲದ ಕಡೆ ಟ್ಯಾಂಕ್ ಕೊಡಬೇಡಿ. ರೇಡಿಯೇಟರ್ ಅಂಗಡಿಯ ತವರದ ಬೆಸುಗೆಗೂ ಇದೇ ಮಾತು. ಕಾದ ಕಬ್ಬಿಣವೊಂದೇ ಆವಿ ಹೊತ್ತಿಸಲು ಸಾಕು. ನನ್ನ ಗ್ಯಾರೇಜಿನಲ್ಲಿ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತೋರಿಸಲು ಯಾರಿಗೂ ಅನುಮತಿಯಿಲ್ಲ. ಅದು ಅತಿಯಾಯಿತು ಎನ್ನುವವರಿದ್ದಾರೆ. ಎನ್ನಲಿ. ನಿಮ್ಮ ಸಾವಿರ ರೂಪಾಯಿ ಉಳಿಸಲು ಇನ್ನೊಬ್ಬರ ಮನೆಯ ಹುಡುಗ ತನ್ನ ಕಣ್ಣು ಪಣಕ್ಕಿಡಬಾರದು.

ಎಂ-ಸೀಲ್ ಒಣಗಿದ, ತುಕ್ಕಿಲ್ಲದ ಲೋಹಕ್ಕೆ ಮಾತ್ರ ಅಂಟುತ್ತದೆ. ಜಿನುಗುತ್ತಿರುವ ಜಾಗಕ್ಕೆ ಮೆತ್ತಿದರೆ ಎರಡು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಟ್ಯಾಂಕ್ ಇಳಿಸಿ, ಉಜ್ಜಿ, ಒಣಗಿಸಿ ಹಚ್ಚಿದರೆ ಸ್ವಲ್ಪ ಕಾಲ ನಿಂತೀತು. ಆದರೆ ಇಷ್ಟು ಹಳೆಯ ಟ್ಯಾಂಕ್ ಬಹಳ ಸಲ ಎರಡೂ ಕಡೆಯಿಂದ ಕೊಳೆತಿರುತ್ತದೆ: ತಳದಲ್ಲಿ ಸೇರಿದ ನೀರು ಒಳಗಿನಿಂದಲೂ, ಅಂಚಿನಲ್ಲಿ ಮೆತ್ತಿಕೊಂಡ ಕೆಸರು ಹೊರಗಿನಿಂದಲೂ ತಿಂದಿರುತ್ತವೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಸೋರುವುದು ಟ್ಯಾಂಕೇ ಹೌದೇ ನೋಡಿಸಿ. ಟ್ಯಾಂಕ್ ತುಂಬಿಸಿದಾಗ ಮಾತ್ರ ಒದ್ದೆಯಾದರೆ ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪ್, ಗಾಳಿ ಪೈಪ್ ಅಥವಾ ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಕೂರುವ ಜಾಗದ ಪ್ಯಾಕಿಂಗ್ ಮೇಲೆ ಸಂಶಯಪಡಬೇಕು. ಇವು ಕಡಿಮೆ ಖರ್ಚಿನ ಕೆಲಸ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಲೈನ್ ನೋಡಿ. ಪೆಟ್ರೋಲ್ ಕಾಲು ಭಾಗಕ್ಕೆ ಇಳಿದ ಮೇಲೂ, ಕಾರು ನಿಂತಲ್ಲೇ ತೊಟ್ಟಿಕ್ಕುತ್ತಿದ್ದರೆ ಟ್ಯಾಂಕಿನ ತಳವೇ ಹೋಗಿರುವ ಸಾಧ್ಯತೆ ಹೆಚ್ಚು. ಸ್ಕ್ರೂಡ್ರೈವರ್‌ನಿಂದ ತುಕ್ಕು ಕೆರೆದು ನೋಡುವ ಚಾಳಿ ಬಿಡಿ. ಸೂಜಿ ಮೊನೆಯಷ್ಟಿದ್ದ ತೂತು ನಿಮ್ಮ ಕೈಯಲ್ಲೇ ಬೆರಳಗಲ ಆಗುತ್ತದೆ.

ತಳ ಹೋಗಿದ್ದರೆ ಟ್ಯಾಂಕ್ ಬದಲಿಸಿ. ಮಾರುತಿ 800 ಲಕ್ಷಗಟ್ಟಲೆ ಓಡಿದ ಕಾರು, 2014ರವರೆಗೆ ತಯಾರಾಗುತ್ತಿತ್ತು, ಬಿಡಿಭಾಗ ಹುಡುಕಿದರೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸುವಾಗ ಕಾರ್ಬುರೇಟರ್ ಮಾದರಿಗೆ ಎಂದು ಸ್ಪಷ್ಟವಾಗಿ ಹೇಳಿ. ಆನಂತರ ಬಂದ, ಪೆಟ್ರೋಲನ್ನು ಇಂಜೆಕ್ಟರ್ ಮೂಲಕ ಚಿಮ್ಮಿಸುವ ಎಂಪಿಎಫ್‌ಐ ಮಾದರಿಯ ಪಂಪ್ ಟ್ಯಾಂಕಿನೊಳಗಿರುತ್ತದೆ, ಆ ಟ್ಯಾಂಕ್ ಇದಕ್ಕೆ ಹೊಂದುವುದಿಲ್ಲ. ಜೊತೆಗೇ ರಬ್ಬರ್ ಪೈಪ್‌ಗಳು, ಕ್ಲಿಪ್‌ಗಳು, ಫ್ಲೋಟ್ ಪ್ಯಾಕಿಂಗ್, ಪೆಟ್ರೋಲ್ ಫಿಲ್ಟರ್ ಎಲ್ಲವೂ ಹೊಸದಾಗಲಿ. ಹಳೆಯ ಪೈಪನ್ನು ಹೊಸ ಟ್ಯಾಂಕಿಗೆ ಸಿಕ್ಕಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೂರಿಸಿದ ಮೇಲೆ ಐದು ಲೀಟರ್ ಹಾಕಿ, ಅಡಿಯಲ್ಲಿ ರಟ್ಟು ಹಾಸಿ, ಒಂದು ರಾತ್ರಿ ಬಯಲಲ್ಲಿ ಬಿಡಿ. ರಟ್ಟು ಒಣಗಿದ್ದರೆ ಪೂರ್ತಿ ತುಂಬಿಸಿ ಮತ್ತೊಮ್ಮೆ ನೋಡಿ. ಆಮೇಲಷ್ಟೇ ಪೋರ್ಟಿಕೊಗೆ ತನ್ನಿ.

ಪ್ರಶ್ನೆ: ಸೋರುವ ಜಾಗಕ್ಕೆ ಬಟ್ಟೆ ಸೋಪು ಉಜ್ಜಿ ಊರಿಗೆ ಹೋಗಿ ಬರಬಹುದೇ?

ಉತ್ತರ: ಇಲ್ಲ. ಸೋಪು ಸಣ್ಣ ಜಿನುಗನ್ನು ತಾತ್ಕಾಲಿಕವಾಗಿ ತಡೆಯುತ್ತದೆ ನಿಜ, ಆದರೆ ಅದು ಟ್ಯಾಂಕ್ ಖಾಲಿ ಮಾಡುವವರೆಗಿನ ಉಪಾಯ, ಪ್ರಯಾಣಕ್ಕಲ್ಲ.

ಪ್ರಶ್ನೆ: ಟ್ಯಾಂಕಿನೊಳಗೆ ಸುರಿಯುವ ಸೀಲರ್ ದ್ರಾವಣ ಹೇಗೆ?

ಉತ್ತರ: ಬೈಕಿನ ಟ್ಯಾಂಕಿಗೆ, ತುಕ್ಕನ್ನು ಆಮ್ಲದಿಂದ ತೊಳೆದು ಒಣಗಿಸುವ ತಾಳ್ಮೆ ಇದ್ದರೆ, ಆದೀತು. ಕಾರಿನ ಟ್ಯಾಂಕಿನ ಅಡ್ಡತಗಡುಗಳ ಹಿಂದೆ ಅದು ಸಮವಾಗಿ ಹರಡುವುದಿಲ್ಲ. ನಾನು ಬಳಸುವುದಿಲ್ಲ.

ಪ್ರಶ್ನೆ: ಎಥನಾಲ್ ಬೆರೆತ ಪೆಟ್ರೋಲ್‌ನಿಂದಲೇ ಟ್ಯಾಂಕ್ ತೂತಾಗುತ್ತಿದೆಯಂತೆ, ನಿಜವೇ?

ಉತ್ತರ: ಒಂದೆರಡು ತಿಂಗಳಲ್ಲಿ ತೂತು ಕೊರೆಯುವ ಶಕ್ತಿ ಅದಕ್ಕಿಲ್ಲ. ಆದರೆ ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಕಾರನ್ನು ಅರ್ಧ ಟ್ಯಾಂಕಿನಲ್ಲಿ ಆರು ತಿಂಗಳು ನಿಲ್ಲಿಸಿಡುವವರಿಗೆ ಇದು ಹೆಚ್ಚು ತೊಂದರೆ. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ.

ಪ್ರಶ್ನೆ: ಗುಜರಿ ಟ್ಯಾಂಕ್ ತರಬಹುದೇ?

ಉತ್ತರ: ಫ್ಲೋಟ್ ಬಿಚ್ಚಿಸಿ ಒಳಗೆ ಎಲ್‌ಇಡಿ ಟಾರ್ಚ್‌ನಲ್ಲಿ ನೋಡಿ. ಅಲುಗಾಡಿಸಿದಾಗ ತುಕ್ಕಿನ ಪುಡಿ ಸದ್ದು ಮಾಡಿದರೆ ಅಲ್ಲೇ ಬಿಟ್ಟು ಬನ್ನಿ. ಹೊಸ ಬಣ್ಣ ಬಳಿದ ಗುಜರಿ ಟ್ಯಾಂಕನ್ನಂತೂ ಮುಟ್ಟಬೇಡಿ.

ಪ್ರಶ್ನೆ: ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಎಲ್ಲಿಡಬೇಕು?

ಉತ್ತರ: ನೀರಿನ ಬಾಟಲಿ, ಪ್ಲಾಸ್ಟಿಕ್ ಬಕೆಟ್ ಬೇಡ. ಬಿಗಿ ಮುಚ್ಚಳದ ಲೋಹದ ಕ್ಯಾನ್ ಇರಲಿ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್, ಒಂದು ಲೋಹದ ಪಾತ್ರೆಯಲ್ಲಿ ಗರಿಷ್ಠ 25 ಲೀಟರ್. ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ, ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ. ಕೈಪಂಪ್ ಬಳಸಿ. ತುಕ್ಕು, ನೀರು ಬೆರೆತದ್ದನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನವರಿಗೆ ಒಪ್ಪಿಸಿ.