ಗುಳೆ ತಪ್ಪಿಸಲು ಟ್ರಸ್ಟ್ ಮಾಡಲೋ, ಕಂಪನಿ ಮಾಡಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಂಬಿಎ ಮುಗಿಸಿದ್ದೀರಿ, ಊರು ಕೊಪ್ಪಳ ಜಿಲ್ಲೆ. ವರ್ಷಾ ವರ್ಷಾ ಅರ್ಧ ಓಣಿ ಬೀಗ ಹಾಕಿಕೊಂಡು ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋಗುವುದನ್ನು ನೋಡಿ ಸಾಕಾಗಿದೆ. ದಾನ ಧರ್ಮ ಬಿಟ್ಟು ವ್ಯಾಪಾರದ ರೀತಿಯಲ್ಲೇ ಇದಕ್ಕೊಂದು ದಾರಿ ಮಾಡಬಹುದೇ, ಮಾಡುವುದಾದರೆ ಟ್ರಸ್ಟೋ ಕಂಪನಿಯೋ ಎಂದು ಕೇಳಿದ್ದೀರಿ.

ಮಾಡಬಹುದು. ಟ್ರಸ್ಟೋ ಕಂಪನಿಯೋ ಎಂಬುದನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಎಂಬಿಎ ಓದಿದವನಲ್ಲ. ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದೆ. 2020ರ ಲಾಕ್‌ಡೌನಿನಲ್ಲಿ ಗುಳೆ ಹೋದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ತಿರುಗಿ ಬಂದಾಗ ಕುಷ್ಟಗಿ ತಾಲೂಕಿನ ನಮ್ಮೂರಲ್ಲಿ ಹೆಣ್ಣುಮಕ್ಕಳು ಸೇರಿ ರೊಟ್ಟಿ ಕೇಂದ್ರ ಶುರು ಮಾಡಿದರು. ಅವತ್ತಿನಿಂದ ಅದರ ಲೆಕ್ಕ ನನ್ನದು. ಈಗ ಹದಿನಾಲ್ಕು ಜನ ಇದ್ದಾರೆ. ನಾನು ಹೇಳುವುದೆಲ್ಲ ಆ ಅಂಗಡಿಯ ಉದ್ರಿ ಪುಸ್ತಕ ಮತ್ತು ಈ ರೊಟ್ಟಿ ಪುಸ್ತಕ, ಇವೆರಡರಿಂದ ಕಲಿತದ್ದು.

ರೊಟ್ಟಿಗೂ ಮುಂಚೆ ನಮ್ಮೂರಿಗೆ ಹೊಲಿಗೆ ತರಬೇತಿ ಬಂದಿತ್ತು. ಮೂರು ತಿಂಗಳ ತರಗತಿ, ಕೊನೆಗೆ ಸರ್ಟಿಫಿಕೇಟು, ಒಬ್ಬೊಬ್ಬರಿಗೆ ಒಂದೊಂದು ಮಷೀನು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಮುನ್ನೂರು ಮನೆಯ ಊರಲ್ಲಿ ಇಪ್ಪತ್ತೈದು ಜನ ಕುಪ್ಪಸ ಹೊಲಿಯತೊಡಗಿದರೆ ಹೊಲಿಸಿಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ಇಂದು ಆ ಮಷೀನುಗಳ ಮೇಲೆ ಹಾಸಿಗೆ ಮಡಚಿಟ್ಟಿದ್ದಾರೆ. ಕೊಟ್ಟವರ ಲೆಕ್ಕದಲ್ಲಿ ಇಪ್ಪತ್ತೈದು ಜನರಿಗೆ ತರಬೇತಿ ಎಂದಿರುತ್ತದೆ, ಅದು ಸುಳ್ಳೂ ಅಲ್ಲ. ವ್ಯಾಪಾರಸ್ಥನಾದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೊಂದು ಅಲ್ಲಿ ಬಿಟ್ಟುಹೋಗಿತ್ತು, ಅಷ್ಟೇ. ಅದಕ್ಕೇ ನಿಮ್ಮ ಯೋಚನೆ ಸರಿ ಅನ್ನುತ್ತೇನೆ.

ಈಗ ನಮ್ಮ ತಪ್ಪು ಕೇಳಿ. ಮೊದಲ ವರ್ಷ ಖಡಕ್ ರೊಟ್ಟಿ ಒಂದಕ್ಕೆ ಮೂರು ರೂಪಾಯಿ ಇಟ್ಟೆವು. ಒಳ್ಳೆಯ ಬಿಳಿಜೋಳ ಕಿಲೋಗೆ ನಲವತ್ತು, ಒಂದು ಕಿಲೋ ಹಿಟ್ಟಿಗೆ ಇಪ್ಪತ್ತರ ಆಸುಪಾಸು ರೊಟ್ಟಿ. ಅಲ್ಲಿಗೆ ಎರಡು ರೂಪಾಯಿ ಜೋಳ, ಇಪ್ಪತ್ತೈದು ಪೈಸೆ ಗಿರಣಿ, ಮೂವತ್ತೈದು ಪೈಸೆ ಗ್ಯಾಸು. ಉಳಿದದ್ದು ನಲವತ್ತು ಪೈಸೆ. ತಿಂಗಳ ಕೊನೆಗೆ ಎಲ್ಲರನ್ನೂ ಕೂರಿಸಿ ಲಾಭ ಇಷ್ಟು ಎಂದು ಹೆಮ್ಮೆಯಿಂದ ಓದಿದೆ. ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ, ಹಂಚಿನ ಮುಂದಿನಿಂದ ಏಳದೆ ಕೇಳಿದಳು:

"ತಮ್ಮಾ, ಜೋಳಕ್ಕ ಹಿಡಿದಿ, ಗಿರಣಿಗೆ ಹಿಡಿದಿ, ಗ್ಯಾಸಿಗೆ ಹಿಡಿದಿ. ನನ್ನ ಕೈಗೆ ಎಷ್ಟ ಹಿಡಿದಿ?"

ಉತ್ತರ ಇರಲಿಲ್ಲ. ಕೈ ಪಳಗಿದ ಹೆಣ್ಣುಮಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿದರೆ ಇನ್ನೂರು ರೊಟ್ಟಿ. ನಲವತ್ತು ಪೈಸೆಯಂತೆ ದಿನಕ್ಕೆ ಎಂಬತ್ತು ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ 275 ರೂಪಾಯಿ ಇತ್ತು. ನಾನು ಲಾಭ ಎಂದು ಓದಿದ್ದು ಅವರಿಗೆ ಕೊಡದೆ ಉಳಿಸಿಕೊಂಡ ಕೂಲಿ. ಹನ್ನೊಂದು ವರ್ಷ ಲೆಕ್ಕ ಬರೆದವನಿಗೆ ಅದು ಕಾಣಲಿಲ್ಲ, ಏಕೆಂದರೆ ಮನೆಯ ಹೆಂಗಸರು ರೊಟ್ಟಿ ಬಡಿಯುವುದಕ್ಕೆ ಕೂಲಿ ಹಿಡಿಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲೇ ಇಲ್ಲ.

ಅವತ್ತು ಲೆಕ್ಕದ ಕ್ರಮವನ್ನೇ ತಲೆಕೆಳಗು ಮಾಡಿದೆವು. ಮೊದಲ ಸಾಲಿನಲ್ಲಿ ಕೈ. ಖಾತ್ರಿ ಕೂಲಿಯನ್ನು ಇನ್ನೂರರಿಂದ ಭಾಗಿಸಿ ರೊಟ್ಟಿಗೆ ಒಂದು ರೂಪಾಯಿ ನಲವತ್ತು ಪೈಸೆ. ಆಮೇಲೆ ಜೋಳ, ಗಿರಣಿ, ಗ್ಯಾಸು. ಆಮೇಲೆ ಮುರಿದುಹೋಗುವುದು, ಪಾರ್ಸೆಲ್ಲು. ಎಲ್ಲ ಕೂಡಿಸಿದರೆ ಐದು ರೂಪಾಯಿಗಿಂತ ಕಡಿಮೆ ಹೇಳುವ ಹಾಗೇ ಇರಲಿಲ್ಲ. ಇವತ್ತಿಗೂ ಅದೇ ಪದ್ಧತಿ: 2024-25ರಲ್ಲಿ ಖಾತ್ರಿ ಕೂಲಿ 349 ಆದಾಗ ಕೈಯ ಸಾಲು ಒಂದು ರೂಪಾಯಿ ಎಪ್ಪತ್ತೈದಕ್ಕೆ ಏರಿತು, ರೊಟ್ಟಿಯ ಬೆಲೆಯೂ ಅದರ ಹಿಂದೆ ಏರಿತು.

ಐದು ರೂಪಾಯಿಗೆ ಕೊಳ್ಳುವವರು ಕುಷ್ಟಗಿಯಲ್ಲಿ ಸಿಗಲಿಲ್ಲ. ಖಾನಾವಳಿಯವರು ಮೂರೂವರೆ ದಾಟಲಿಲ್ಲ, ಅವರ ಊಟದ ಬೆಲೆ ನೋಡಿದರೆ ಅವರದೂ ತಪ್ಪಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯ ಜನ ಸಿಕ್ಕರು. ರಾತ್ರಿ ಬಸ್ಸಿಗೆ ಡಬ್ಬ ಹಾಕಿದರೆ ಬೆಳಿಗ್ಗೆ ಮೆಜೆಸ್ಟಿಕ್. ಮೂರನೇ ಪಾರ್ಸೆಲ್ಲಿಗೆ ಒಬ್ಬರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಡಬ್ಬದ ತುಂಬ ಚೂರು. ಕೆಳಗೆ, "ಇದು ರೊಟ್ಟಿ ಅಲ್ರಿ, ನುಚ್ಚು. ದುಡ್ಡು ವಾಪಸ್ ಕೊಡ್ರಿ."

ಎರಡು ವಾರ ಅದೇ ಕೆಲಸ. ರಟ್ಟು ಹಾಕಿ ನೋಡಿದೆವು, ಕಟ್ಟು ಸಣ್ಣದು ಮಾಡಿದೆವು. ಕೊನೆಗೆ ಗೊತ್ತಾದದ್ದು: ಒಣಗುವಾಗ ಅಂಚು ಮೇಲೆದ್ದ ರೊಟ್ಟಿಯೇ ಮುರಿಯುತ್ತದೆ. ಒಂದರ ಮೇಲೊಂದು ಇಟ್ಟಾಗ ನಡುವೆ ಗಾಳಿ, ಬಸ್ಸು ಕುಲುಕಿದರೆ ಚಟಕ್ ಅನ್ನುತ್ತದೆ. ಹಂಚಿನ ಮೇಲಿರುವಾಗಲೇ ಮಡಚಿದ ಬಟ್ಟೆಯಿಂದ ಅಂಚಿನ ಸುತ್ತ ಒತ್ತಿ, ಸಣ್ಣ ಉರಿಯಲ್ಲಿ ಚಪ್ಪಟೆಯಾಗಿ ಒಣಗಿಸಿ, ಇಪ್ಪತ್ತರ ಕಟ್ಟಿಗೆ ಮೇಲೆ ಕೆಳಗೆ ದುಂಡನೆಯ ರಟ್ಟು ಇಟ್ಟರೆ ಇಡೀ ಕಟ್ಟು ಒಂದೇ ಹಲಗೆಯಂತೆ ಕೂರುತ್ತದೆ. ಇದನ್ನು ಕಂಡುಹಿಡಿದದ್ದು ಏಳನೇ ತರಗತಿಗೆ ಶಾಲೆ ಬಿಟ್ಟ ಒಬ್ಬ ಹುಡುಗಿ. ಈಗ ಮುರಿದ ರೊಟ್ಟಿಯ ದೂರು ಅಪರೂಪ.

ಇದನ್ನು ಇಷ್ಟುದ್ದ ಬರೆದದ್ದಕ್ಕೆ ಕಾರಣವಿದೆ. ಪುಕ್ಕಟೆ ಕೊಟ್ಟದ್ದಕ್ಕೆ ಯಾರೂ ಬೈಯುವುದಿಲ್ಲ. ಹೊಲಿಗೆ ತರಬೇತಿ ಕೊಟ್ಟವರಿಗೆ ನಮ್ಮೂರಿನ ಒಬ್ಬರಾದರೂ "ಇದರಿಂದ ನಮಗೆ ಕೆಲಸ ಸಿಗಲಿಲ್ಲ" ಎಂದು ಹೇಳಿದ್ದಿಲ್ಲ, ಕೈಮುಗಿದು ಕಳಿಸಿದರು. ರೊಟ್ಟಿಗೆ ದುಡ್ಡು ಕೊಟ್ಟವರು ಮುಖಕ್ಕೆ ಹೇಳಿದರು, ಅದರಿಂದ ರೊಟ್ಟಿ ಸುಧಾರಿಸಿತು. ಬೆಲೆ ಇಡುವುದರಿಂದ ಆಗುವ ದೊಡ್ಡ ಉಪಕಾರ ನನ್ನ ಮಟ್ಟಿಗೆ ಇದೇ, ಲಾಭ ಆಮೇಲಿನದು.

ಇನ್ನು ನಿಮ್ಮ ಗುಳೆಯ ವಿಷಯ. ಕೇಂದ್ರ ಚೆನ್ನಾಗಿ ನಡೆಯುತ್ತಿದ್ದ ಎರಡನೇ ವರ್ಷವೂ ನಮ್ಮವರಲ್ಲೇ ನಾಲ್ಕು ಮನೆಯವರು ಗುಳೆ ಹೋದರು. ನಮ್ಮ ಕೂಲಿ ಕಡಿಮೆ ಎಂದಲ್ಲ. ಬೆಂಗಳೂರಿನ ಮೇಸ್ತ್ರಿ ಬಂದು ಜೋಡಿಗೆ ಇಪ್ಪತ್ತು ಸಾವಿರ ಮುಂಗಡ ಕೈಗಿಟ್ಟ. ಒಬ್ಬರಿಗೆ ಆಸ್ಪತ್ರೆ ಖರ್ಚು, ಒಬ್ಬರಿಗೆ ತಂಗಿಯ ಮದುವೆ ಸಾಲ. ವಾರಕ್ಕೊಮ್ಮೆ ಬಟವಾಡೆ ಮಾಡುವ ನಾವು ಆ ಇಪ್ಪತ್ತು ಸಾವಿರದ ಮುಂದೆ ಏನೂ ಅಲ್ಲ. ನೀವು ಏನೇ ಕಟ್ಟಿದರೂ ನಿಮ್ಮ ಎದುರಾಳಿ ಆ ಮೇಸ್ತ್ರಿ ಎಂದು ಬರೆದಿಟ್ಟುಕೊಳ್ಳಿ. ಅವನು ದುಡ್ಡು ಕೊಡುವ ತಿಂಗಳು, ಕೊಡುವ ಮೊತ್ತ, ಅದು ತೀರಲು ಎಷ್ಟು ದಿನ ದುಡಿಯಬೇಕು ಎಂಬುದು ಗೊತ್ತಿಲ್ಲದೆ ಗುಳೆಯ ಬಗ್ಗೆ ಯೋಜನೆ ಬರೆಯಬೇಡಿ. ನಾವು ಈಗ ತಿಂಗಳ ಉಳಿಕೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇವೆ, ಕಷ್ಟ ಬಂದವರಿಗೆ ಬಡ್ಡಿಯಿಲ್ಲದೆ ಕೊಟ್ಟು ರೊಟ್ಟಿಯ ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ಕಳೆದ ವರ್ಷ ಹೋದದ್ದು ಒಂದೇ ಮನೆ.

ಹಾಲಿನ ಡೇರಿ ನಮ್ಮ ಭಾಗದಲ್ಲಿ ಗಟ್ಟಿಯಾಗಿ ಉಳಿದಿರುವುದೂ ದುಡ್ಡು ಯಾವಾಗ ಬರುತ್ತದೆ ಎಂಬುದು ಗೊತ್ತಿರುವುದಕ್ಕೇ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಸೇರಿದ ರಾಬಕೊವಿ ಹಾಲು ಒಕ್ಕೂಟದ ಸಂಘಕ್ಕೆ ಬೆಳಿಗ್ಗೆ ಹೋಗಿ ನೋಡಿ. ಜಿಡ್ಡು ಅಳೆದು ಚೀಟಿ ಕೊಡುತ್ತಾರೆ, ಗೌಡನ ಎಮ್ಮೆಗೂ ವಿಧವೆಯ ಎಮ್ಮೆಗೂ ಒಂದೇ ಅಳತೆ, ಬಟವಾಡೆಯ ದಿನ ಗೊತ್ತಿರುತ್ತದೆ. ಇದನ್ನು ಯಾರೂ ಸಮಾಜಸೇವೆ ಎನ್ನುವುದಿಲ್ಲ, ಆದರೆ ಎಷ್ಟು ಮನೆಯ ಒಲೆ ಉರಿಸಿದೆ!

ಕೊಳ್ಳುವವನ ಕೈಗೆ ದುಡ್ಡು ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ನೋಡಿ ಕೆಲಸ ಮಾಡಿದವರು ಸೆಲ್ಕೋದವರು. ಹರೀಶ್ ಹಂದೆ 1995ರಲ್ಲಿ ಇನ್ನೊಬ್ಬರ ಜೊತೆ ಸೇರಿ ಕಟ್ಟಿದ ಸೋಲಾರ್ ಕಂಪನಿ ಅದು, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ಬದಿ ವ್ಯಾಪಾರದವರಿಗೆ ತಿಂಗಳಿಗೆ ಮುನ್ನೂರು ಕಷ್ಟ, ದಿನಕ್ಕೆ ಹತ್ತು ಸುಲಭ ಎಂಬುದನ್ನು ಅವರು ತಿಳಿದುಕೊಂಡು, ಸೋಲಾರ್ ದೀಪಕ್ಕೆ ಬ್ಯಾಂಕ್ ಸಾಲದ ಕಂತನ್ನೇ ಜನರ ದುಡಿಮೆಗೆ ತಕ್ಕಂತೆ ಹೊಂದಿಸಿದರು. ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ನೀವು ಓದಿಯೇ ಇರುತ್ತೀರಿ: 1976ರಲ್ಲಿ ಡಾ. ವೆಂಕಟಸ್ವಾಮಿ ಹನ್ನೊಂದು ಹಾಸಿಗೆಯಿಂದ ಶುರು ಮಾಡಿದ್ದು, ಕೊಡಬಲ್ಲವರು ಕೊಟ್ಟ ದುಡ್ಡಿನಲ್ಲಿ ಕೊಡಲಾರದವರ ಆಪರೇಷನ್. ನಮ್ಮ ಬೆಂಗಳೂರು ಪಾರ್ಸೆಲ್ಲಿನ ತತ್ವವೂ ಸಣ್ಣದಾಗಿ ಅದೇ: ಬಡವರಿಗೆ ಮಾರಬೇಡಿ, ಬಡವರಿಂದ ಕೊಂಡು ಉಳ್ಳವರಿಗೆ ಮಾರಿ.

ಈಗ ಎಚ್ಚರಿಕೆಯ ಮಾತು, ಇದನ್ನು ದಯವಿಟ್ಟು ಹಾರಿಸಬೇಡಿ. ಬಡತನಕ್ಕೆ ವ್ಯಾಪಾರದ ಮದ್ದು ಅಂತಲೇ ಬಂದದ್ದು ಮೈಕ್ರೋಫೈನಾನ್ಸ್, ಅಂದರೆ ಬಡವರಿಗೆ ಕೊಡುವ ಸಣ್ಣ ಸಾಲ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಕಟ್ಟಿದ ಗ್ರಾಮೀಣ ಬ್ಯಾಂಕಿಗೂ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. ಹಾಕಿದ ಬಂಡವಾಳ ಮಾತ್ರ ವಾಪಸ್, ಮೇಲೆ ಲಾಭಾಂಶ ಬೇಡ ಎಂಬುದು ಅವರು ಹೇಳುವ ಸಾಮಾಜಿಕ ವ್ಯಾಪಾರದ ನಿಯಮ. ಆ ನಿಯಮ ಇಲ್ಲಿಗೆ ಬರಲಿಲ್ಲ, ಗುಂಪು ಸಾಲದ ಪದ್ಧತಿ ಮಾತ್ರ ಬಂತು. 2010ರ ಅಕ್ಟೋಬರಿನಲ್ಲಿ ಪಕ್ಕದ ಆಂಧ್ರದಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. 2025ರ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕವೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿತ್ತು. ನಮ್ಮ ಹದಿನಾಲ್ಕು ಜನರಲ್ಲಿ ಐದು ಜನಕ್ಕೆ ಮೂರು ಮೂರು ಕಡೆ ಸಾಲ ಇತ್ತು. ವಾರದ ಕಂತು ತಪ್ಪಿದರೆ ಗುಂಪಿನವರೆಲ್ಲ ಬಂದು ಬಾಗಿಲಲ್ಲಿ ಕೂರಬೇಕು. ಒಬ್ಬಾಕೆ ಕಂತು ಕಟ್ಟಲೆಂದೇ ಗುಳೆ ಹೋದಳು.

ಆ ಸಾಲ ಕೊಟ್ಟವರ ಪುಸ್ತಕದಲ್ಲಿ ತಪ್ಪು ಹುಡುಕಿದರೂ ಸಿಗದು. ವಸೂಲಿ ಪೂರ್ತಿ, ಗ್ರಾಹಕರು ಏರುತ್ತಿದ್ದರು. ಕಂತು ಬಂತೇ ಎಂಬುದನ್ನು ಪೈಸೆ ಬಿಡದೆ ಅಳೆದರು. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ನನ್ನ ಮೊದಲ ವರ್ಷದ ಲಾಭದ ಲೆಕ್ಕವೂ ಹಾಗೇ ಇತ್ತಲ್ಲವೇ? ಅಲ್ಲಿ ಕೇಳುವ ಅಜ್ಜಿ ಇರಲಿಲ್ಲ, ನಮ್ಮಲ್ಲಿ ಇದ್ದಳು. ನಿಮ್ಮ ಸಂಸ್ಥೆಯ ಹೆಸರು ಏನೇ ಇರಲಿ, ಲೆಕ್ಕ ಓದುವ ದಿನ ಆ ಪ್ರಶ್ನೆ ಕೇಳುವ ಹಕ್ಕಿರುವ ಒಬ್ಬರು ಅಲ್ಲಿ ಕೂತಿರಬೇಕು.

ಎಲ್ಲಕ್ಕೂ ಬೆಲೆ ಇಡಲಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಹಾಳು. ಪಕ್ಕದ ಊರಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಬಂತು. ನಾಣ್ಯದ ಡಬ್ಬಿ ಇತ್ತು, ಫಿಲ್ಟರ್ ಬದಲಿಸುವ ದುಡ್ಡಿನ ಲೆಕ್ಕ ಯಾರ ಬಳಿಯೂ ಇರಲಿಲ್ಲ, ಎರಡೇ ವರ್ಷಕ್ಕೆ ನಿಂತಿತು. ಇಲ್ಲಿ ವ್ಯಾಪಾರದ ಶಿಸ್ತು ಬೇಕು: ಫಿಲ್ಟರ್ ಯಾವಾಗ ಸವೆಯುತ್ತದೆ, ಬದಲಿಸುವವರು ಯಾರು, ದುಡ್ಡು ಎಲ್ಲಿದೆ. ಆದರೆ ನಾಣ್ಯ ಇಲ್ಲದ ಮನೆಯ ಮಗು ಬೋರಿನ ನೀರು ಕುಡಿಯುವಂತಾಗಬಾರದು. ಆ ದುಡ್ಡು ಪಂಚಾಯಿತಿಯಿಂದಲೇ ಬರಬೇಕು. ಶಿಸ್ತು ಬೇರೆ, ಬೆಲೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದಲ್ಲಿ ಅನಾಹುತ ಆಗುತ್ತದೆ.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ನಮ್ಮ ಕೇಂದ್ರವೂ ಎರಡು ದಿನ ದಾಸೋಹದ ರೊಟ್ಟಿ ಬಡಿಯುತ್ತದೆ. ಅದನ್ನು ಎಣಿಸುವುದಿಲ್ಲ. ಒಂದು ವರ್ಷ ನಾನು ಜೋಳದ ಖರ್ಚನ್ನಾದರೂ ಬರೆಯೋಣ ಎಂದೆ, ಎಲ್ಲರೂ ಸೇರಿ ಪೆನ್ನು ಕಸಿದುಕೊಂಡರು.

ಕೊನೆಗೆ ನಿಮ್ಮ ಟ್ರಸ್ಟು, ಕಂಪನಿ. ನಿಮ್ಮ ಜನ ಏನಾದರೂ ಬೆಳೆಯುವವರು, ತಯಾರಿಸುವವರು ಆಗಿದ್ದು, ಹತ್ತು ಜನ ಸೇರಿದರೆ ಉತ್ಪಾದಕರ ಕಂಪನಿ ಮಾಡಬಹುದು, ಮಾಲೀಕರು ಅವರೇ ಆಗುತ್ತಾರೆ. ಹೊರಗಿನ ದೇಣಿಗೆ ಬೇಕು, ಲಾಭ ಹಂಚುವುದು ಬೇಡ ಎಂದರೆ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕೆಳಗೆ ಲಾಭ ಹಂಚದ ಕಂಪನಿ ಮಾಡಬಹುದು. ನಾವು ಇನ್ನೂ ಸ್ವಸಹಾಯ ಸಂಘವಾಗಿಯೇ ಇದ್ದೇವೆ, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದೇವೆ, ಸದ್ಯಕ್ಕೆ ಅಷ್ಟು ಸಾಕಾಗಿದೆ.

ನೋಂದಣಿ ಆಫೀಸಿಗೆ ಹೋಗುವ ಮೊದಲು ಉಗಾದಿಗೆ ಊರಲ್ಲಿರಿ. ಗುಳೆ ಹೋದವರಲ್ಲಿ ಬಹಳ ಜನ ಹಬ್ಬಕ್ಕೆ ಬಂದಿರುತ್ತಾರೆ. ಹತ್ತು ಮನೆಗೆ ಹೋಗಿ ಕೂತು ಕೇಳಿ: ಮುಂಗಡ ಎಷ್ಟು, ಯಾವ ತಿಂಗಳು, ಯಾತಕ್ಕೆ ಬೇಕಾಯಿತು, ಬಾಡಿಗೆ ಬಸ್ಸು ಕಳೆದು ಮನೆಗೆ ತಂದದ್ದು ಎಷ್ಟು. ಒಂದೊಂದು ಮನೆಗೆ ಒಂದೊಂದು ಹಾಳೆ ಬರೆಯಿರಿ. ಆ ಹತ್ತು ಹಾಳೆ ಹಿಡಿದುಕೊಂಡು ಕುಷ್ಟಗಿಗೆ ಬನ್ನಿ, ನಮ್ಮ ಪುಸ್ತಕ ತೆಗೆದಿಡುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಸಂಜೆ ಆರರ ಮೇಲೆ ಬಂದರೆ ಒಳ್ಳೆಯದು, ಅಷ್ಟೊತ್ತಿಗೆ ಬೆಂಗಳೂರಿನ ಡಬ್ಬಗಳು ರಾತ್ರಿ ಬಸ್ಸಿಗೆಂದು ಹೊರಟಿರುತ್ತವೆ.