ಗಾಜಿನ ಗೋಡೆಯೂ ಕಲ್ಲಿನ ಪಡಸಾಲೆಯೂ

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ಕಂಡಾಗಲೆಲ್ಲ, ಆಧುನಿಕ ವಾಸ್ತುಶಿಲ್ಪವೆಂಬುದು ನಮ್ಮ ಹವೆಗೂ ಬದುಕಿಗೂ ಹೊಂದದ ಪರದೇಶದ ಸರಕು ಎನಿಸುತ್ತದೆ. ಈ ಅಭಿಪ್ರಾಯ ಸರಿಯೆ?
– ಓದುಗರು, ತುಮಕೂರು

ಉತ್ತರ: ಗಾಜಿನ ಕಟ್ಟಡಗಳ ಬಗೆಗಿನ ನಿಮ್ಮ ಆಕ್ಷೇಪ ನ್ಯಾಯವಾದುದೇ. ಆದರೆ ಅದನ್ನು ಇಡೀ ಆಧುನಿಕ ವಾಸ್ತುಶಿಲ್ಪದ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ. ಉಕ್ಕು ಮತ್ತು ಕಾಂಕ್ರೀಟಿನ ಚೌಕಟ್ಟು ಬಂದ ಮೇಲೆ ಕಟ್ಟಡದ ಭಾರವನ್ನು ಕಂಬ ಮತ್ತು ತೊಲೆಗಳೇ ಹೊರತೊಡಗಿದವು. ಗೋಡೆಗೆ ಆ ಹೊಣೆ ತಪ್ಪಿತು. ಆ ಗೋಡೆಯನ್ನು ಯಾವುದರಿಂದ ಕಟ್ಟಬೇಕು, ಎಲ್ಲಿ ತೆರೆದಿಡಬೇಕು ಎಂಬುದು ಆಯಾ ಊರಿನ ಬಿಸಿಲು, ಅಲ್ಲಿ ಸಿಗುವ ಸಾಮಗ್ರಿ, ಕೆಲಸಗಾರರ ಕಸುಬು ಮತ್ತು ಕಟ್ಟಿಸುವವರ ಅಭಿರುಚಿಗೆ ಬಿಟ್ಟ ವಿಚಾರ. ಬಿಸಿಲಿಗಾಗಿ ಹಂಬಲಿಸುವ ಶೀತದೇಶಗಳಿಗೆ ಒಪ್ಪಿದ ಗಾಜು ಹವಾನಿಯಂತ್ರಣ ಯಂತ್ರದ ಬಲದಿಂದ ಇಲ್ಲಿಗೂ ಬಂತು. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಆ ಬಿಸಿಲಿಗೆ ಕಾದ ನೆಲ, ಮೇಜುಗಳು ಹೊಮ್ಮಿಸುವ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕಿಟಕಿ ತೆರೆದರೆ ಸಾಕಾಗುವ ಹವೆಯಿರುವ ಊರಿನಲ್ಲಿ ದಿನವಿಡೀ ವಿದ್ಯುತ್ ಸುಟ್ಟು ಕೋಣೆ ತಂಪಾಗಿಸುವುದು ನನಗಂತೂ ಅನ್ಯಾಯವೆನಿಸುತ್ತದೆ.

ಅದೇ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆಯ (ಐಐಎಂ) ಆವರಣವನ್ನು ಅವಕಾಶ ಸಿಕ್ಕರೆ ಒಮ್ಮೆ ನೋಡಿ. ಅದನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು ಆಧುನಿಕ ಪಂಥದ ಗರಡಿಯಲ್ಲೇ ಪಳಗಿದವರು: 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಆ ಪಂಥದ ಮುಂದಾಳುಗಳಲ್ಲೊಬ್ಬರಾದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಬಳಿ ದುಡಿದು, ಮುಂದೆ ಅಹಮದಾಬಾದಿನ ನಿರ್ವಹಣಾ ಸಂಸ್ಥೆಯ ನಿರ್ಮಾಣದಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರಿಗೆ ಜೊತೆಯಾದರು. ಅಲ್ಲಿ ಕಾನ್ ಇಟ್ಟಿಗೆಯನ್ನು ನೆಚ್ಚಿಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕೆಲಸ ಕೈಗೆತ್ತಿಕೊಂಡ ದೋಶಿಯವರು ಈ ಸೀಮೆಯ ಬೂದು ಗ್ರಾನೈಟನ್ನು ಆರಿಸಿಕೊಂಡು, ಕಾಂಕ್ರೀಟಿನ ಜೊತೆಗೆ ಒರಟು ಕಲ್ಲಿನ ಗೋಡೆಗಳನ್ನು ಗಾರೆ ಬಳಿಯದೆ ಹಾಗೆಯೇ ಬಿಟ್ಟರು. ಫತೇಪುರ ಸಿಕ್ರಿಯ ಅಂಗಳಗಳೂ ಮಧುರೆಯ ದೇವಾಲಯವೂ ಅವರ ಮನಸ್ಸಿನಲ್ಲಿದ್ದವು.

ಅಲ್ಲಿನ ಜೀವಾಳವೆಂದರೆ ಉದ್ದುದ್ದನೆಯ ಪಡಸಾಲೆಗಳು. ಕೆಲವೆಡೆ ಮೂರಂತಸ್ತಿನ ಎತ್ತರಕ್ಕೆ ಏರುವ ಈ ಪಡಸಾಲೆಗಳ ಮೇಲೆ ಒಂದು ಕಡೆ ಪೂರ್ಣ ಛಾವಣಿ, ಮತ್ತೊಂದು ಕಡೆ ಬಳ್ಳಿ ಹಬ್ಬಿದ ಬರಿಯ ತೊಲೆಗಳ ಸಾಲು, ಇನ್ನೊಂದು ಕಡೆ ಆಕಾಶವೇ ಇದೆ. ತೊಲೆಗಳ ನಡುವೆ ಇಳಿಯುವ ಬಿಸಿಲು ಕಲ್ಲುಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದು, ಹೊತ್ತು ಏರಿದಂತೆ ಜರುಗುತ್ತಾ ಹೋಗುತ್ತದೆ. ತರಗತಿಯಿಂದ ಹೊರಬಿದ್ದವರು ಅಲ್ಲೇ ನಿಂತು ಚರ್ಚೆ ಮುಂದುವರಿಸಲಿ ಎಂಬ ಉದ್ದೇಶದಿಂದಲೇ ಅವುಗಳಿಗೆ ಅಷ್ಟು ಅಗಲ ಕೊಡಲಾಗಿದೆ. ನಮ್ಮ ಹಳ್ಳಿಯ ಜಗಲಿ ಮಾಡುತ್ತಿದ್ದ ಕೆಲಸವೂ ಇದೇ. 2018ರಲ್ಲಿ ದೋಶಿಯವರು ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು.

ಪ್ರಶ್ನೆ: ಪಶ್ಚಿಮಕ್ಕೆ ಮುಖಮಾಡಿದ 30×40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿಸಬಹುದೆ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅದನ್ನು ತಡೆಯಲಾರದು. ಅದಕ್ಕೆ ಲಂಬವಾದ ಪಟ್ಟಿಗಳೋ ಸುಟ್ಟ ಮಣ್ಣಿನ ಜಾಲಂದ್ರವೋ ಬೇಕು. ಮೆಟ್ಟಿಲು, ಬಚ್ಚಲುಮನೆ, ಉಗ್ರಾಣಗಳನ್ನು ಪಶ್ಚಿಮದ ಗೋಡೆಗೆ ಒತ್ತಿಸಿದರೆ ಮಲಗುವ ಕೋಣೆಗಳಿಗೆ ಬಿಸಿ ತಟ್ಟುವುದು ಕಡಿಮೆಯಾಗುತ್ತದೆ. ಗಾಜು ಬೇಕೇ ಬೇಕೆನಿಸಿದರೆ ಉತ್ತರದ ಗೋಡೆಯಲ್ಲಿ ಇರಿಸಿ. ಅಲ್ಲಿ ಪಕ್ಕದ ಮನೆ ಅಡ್ಡವಾಗುವಂತಿದ್ದರೆ ಮೆಟ್ಟಿಲಿನ ಮೇಲ್ಭಾಗದಲ್ಲಿ ಉತ್ತರಕ್ಕೆ ತೆರೆದ ಬೆಳಕಿಂಡಿಯೊಂದನ್ನು ಮಾಡಿಸುವಂತೆ ನಿಮ್ಮ ಎಂಜಿನಿಯರರನ್ನು ಕೇಳಿ.